ಇನ್-ಪ್ಲೇಸ್ ಅಪ್‌ಗ್ರೇಡ್: ಸಿಡಿಯೂ ಬೇಡ, ಫಾರ್ಮ್ಯಾಟೂ ಬೇಡ

ಕಂಪ್ಯೂಟರಿನಲ್ಲಿ ಈಗಾಗಲೇ ಇರುವ ವಿಂಡೋಸನ್ನು ಅಳಿಸದೆ, ಅದರ ಜಾಗದಲ್ಲೇ ಹೊಸ ಆವೃತ್ತಿ ಹಾಕುವುದಕ್ಕೆ ಇನ್-ಪ್ಲೇಸ್ ಅಪ್‌ಗ್ರೇಡ್ ಎನ್ನುತ್ತಾರೆ. ಫೋಟೋ, ಫೈಲು, ಸಾಫ್ಟ್‌ವೇರು, ಸೆಟ್ಟಿಂಗು ಎಲ್ಲ ಇದ್ದ ಹಾಗೇ ಉಳಿಯುತ್ತವೆ. ಇದಕ್ಕೆ ಸಿಡಿ, ಡಿವಿಡಿ ಯಾವುದೂ ಬೇಡ. ಬಹಳ ಸಲ ಪೆನ್‌ಡ್ರೈವ್ ಕೂಡ ಬೇಡ. ಇಂಟರ್ನೆಟ್ ಇದ್ದರೆ ಸಾಕು.

ಬೆಂಗಳೂರಿನಲ್ಲಿ ಈ ಪದ ಕಿವಿಗೆ ಬೀಳುವುದು ಕಮ್ಮಿ. ಇಲ್ಲಿ ಎಲ್ಲದಕ್ಕೂ ಒಂದೇ ಮಾತು, ಫಾರ್ಮ್ಯಾಟ್. ಲ್ಯಾಪ್‌ಟಾಪ್ ಸ್ಲೋ ಆಗಿದೆಯಾ? ಫಾರ್ಮ್ಯಾಟ್ ಮಾಡಿಸಿ. ವಿಂಡೋಸ್ 11 ಬೇಕಾ? ಫಾರ್ಮ್ಯಾಟ್ ಮಾಡಿಸಿ. ಆದರೆ ಫಾರ್ಮ್ಯಾಟ್, ಅಪ್‌ಗ್ರೇಡ್ ಎರಡೂ ಬೇರೆ ಬೇರೆ ಕೆಲಸ. ಫಾರ್ಮ್ಯಾಟ್ ಅಂದರೆ ಸಿ ಡ್ರೈವನ್ನು ಪೂರ್ತಿ ಅಳಿಸಿ ಮೊದಲಿನಿಂದ ಶುರು ಮಾಡುವುದು. ವೈರಸ್ ಹೊಕ್ಕು ಎಲ್ಲ ಹಾಳಾಗಿದ್ದರೆ ಅದು ಬೇಕಾಗುತ್ತದೆ. ಬರೀ ಆವೃತ್ತಿ ಬದಲಿಸಲು ಅಷ್ಟು ದೂರ ಹೋಗಬೇಕಾಗಿಲ್ಲ.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ನಮ್ಮ ಪಕ್ಕದ ಮನೆಯಲ್ಲೇ ನೋಡಿದೆ. ರಿಟೈರ್ ಆದ ಕನ್ನಡ ಮೇಷ್ಟ್ರು. ತಮ್ಮ ಬರಹವನ್ನೆಲ್ಲ ವರ್ಷಗಟ್ಟಲೆ ‘ನುಡಿ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿಟ್ಟಿದ್ದರು. ವಿಂಡೋಸ್ 11 ಹಾಕಿಸಲು ಅಂಗಡಿಗೆ ಕೊಟ್ಟರು, ಸಂಜೆ ಹೊಸ ವಿಂಡೋಸ್ ಜೊತೆ ವಾಪಸ್ ಬಂತು. ಮರುದಿನ ಬೆಳಗ್ಗೆ ನನ್ನನ್ನು ಕರೆದು ಸ್ಕ್ರೀನ್ ತೋರಿಸಿದರು. ಕನ್ನಡ ಇರಬೇಕಾದ ಕಡೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ರಾಶಿ. ‘ಏನಪ್ಪಾ ಇದು, ಬರೆದಿದ್ದೆಲ್ಲ ಹೋಯ್ತಾ?’ ಎಂದರು. ಬರೆದದ್ದು ಹೋಗಿರಲಿಲ್ಲ. ಯೂನಿಕೋಡ್ (ಎಲ್ಲ ಕಂಪ್ಯೂಟರಿಗೂ ಒಂದೇ ಆದ ಅಕ್ಷರ ಸಂಕೇತ) ಅಲ್ಲದ ಹಳೆಯ ನುಡಿ ಫೈಲಿನಲ್ಲಿ ಕನ್ನಡ ಕಾಣಬೇಕಾದರೆ ನುಡಿಯ ಫಾಂಟ್ ಕಂಪ್ಯೂಟರಿನಲ್ಲಿ ಇರಲೇಬೇಕು. ಫಾರ್ಮ್ಯಾಟ್ ಮಾಡಿದಾಗ ಫಾಂಟೂ ಅಳಿಸಿಹೋಗಿತ್ತು. ನುಡಿ ಮತ್ತೆ ಹಾಕಿದ ಮೇಲೆ ಅಕ್ಷರ ಬಂತು. ಆದರೆ ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಫೈಲುಗಳು ಬರಲಿಲ್ಲ. ಅಂಗಡಿಯವರು ಡಾಕ್ಯುಮೆಂಟ್ಸ್ ಫೋಲ್ಡರ್ ಮಾತ್ರ ಕಾಪಿ ಮಾಡಿಕೊಂಡಿದ್ದರಂತೆ. ಡೆಸ್ಕ್‌ಟಾಪ್ ಕೂಡ ಸಿ ಡ್ರೈವಿನಲ್ಲೇ ಇರುತ್ತದೆ ಎಂದು ಮೇಷ್ಟ್ರಿಗೆ ಯಾರೂ ಹೇಳಿರಲಿಲ್ಲ. ಇನ್-ಪ್ಲೇಸ್ ಅಪ್‌ಗ್ರೇಡ್ ಮಾಡಿದ್ದರೆ ಫಾಂಟೂ ಇರುತ್ತಿತ್ತು, ಫೈಲೂ ಇರುತ್ತಿತ್ತು. ಇವತ್ತಿಗೂ ನನಗೆ ಹೊಟ್ಟೆ ಉರಿಯುವುದು ಇದಕ್ಕೇ.

ಜನ ಫಾರ್ಮ್ಯಾಟಿಗೆ ಸುಲಭವಾಗಿ ಒಪ್ಪಲು ಇನ್ನೊಂದು ಕಾರಣವೂ ಇದೆ. ‘ಲ್ಯಾಪ್‌ಟಾಪ್ ಜೊತೆ ಸಿಡಿ ಕೊಟ್ಟಿಲ್ಲ, ನಮ್ಮ ಹತ್ತಿರ ವಿಂಡೋಸ್ ಇಲ್ಲವಲ್ಲ’ ಎಂದುಕೊಳ್ಳುತ್ತಾರೆ. ಹಾಗೇನಿಲ್ಲ. ವಿಂಡೋಸ್ ಹಾಕಿಯೇ ಮಾರಿದ ಲ್ಯಾಪ್‌ಟಾಪಾದರೆ ಅದಕ್ಕೆ ಕೊಟ್ಟ ದುಡ್ಡಿನಲ್ಲೇ ವಿಂಡೋಸ್ ಲೈಸೆನ್ಸಿನ ದುಡ್ಡೂ ಸೇರಿದೆ. ತಯಾರಕರೇ ಹಾಕಿ ಕೊಡುವ ಇದಕ್ಕೆ ಓಇಎಂ ಲೈಸೆನ್ಸ್ ಎಂದು ಹೆಸರು. ವಿಂಡೋಸ್ 7ರ ಕಾಲದಲ್ಲಿ ಲ್ಯಾಪ್‌ಟಾಪಿನ ತಳದಲ್ಲಿ 25 ಅಕ್ಷರಗಳ ಕೀ ಇರುವ ಸ್ಟಿಕ್ಕರ್ ಅಂಟಿಸುತ್ತಿದ್ದರು, ಅದು ಸವೆದು ಓದಲು ಬಾರದಂತಾಗುತ್ತಿತ್ತು. 2012ರಲ್ಲಿ ವಿಂಡೋಸ್ 8 ಬಂದಾಗಿನಿಂದ ತಯಾರಕರು ಆ ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರಿನಲ್ಲೇ (ಬೋರ್ಡಿನ ಚಿಪ್ಪಿನೊಳಗಿನ ಸಾಫ್ಟ್‌ವೇರಿನಲ್ಲಿ) ಬರೆದಿಡುತ್ತಾರೆ. ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿಸಿದರೂ ಕೀ ಎಲ್ಲಿಗೂ ಹೋಗುವುದಿಲ್ಲ. ಮದರ್‌ಬೋರ್ಡೇ ಬದಲಾದರೆ ಮಾತ್ರ ತೊಂದರೆ. ಹಾಗಾಗಿ ಇಂಥ ಲ್ಯಾಪ್‌ಟಾಪಿಗೆ ಕ್ರ್ಯಾಕ್ ಮಾಡಿದ ವಿಂಡೋಸ್ ಹಾಕುತ್ತೇವೆ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ನಿಮ್ಮದೇ ಒರಿಜಿನಲ್ ಒಳಗೆ ಇರುವಾಗ ಕಳ್ಳ ಕಾಪಿ ಯಾಕೆ?

ಇನ್ನು ಮಾಡುವ ಬಗೆ. ಸುಲಭದ ದಾರಿ ಸೆಟ್ಟಿಂಗ್ಸಿನ ವಿಂಡೋಸ್ ಅಪ್‌ಡೇಟ್. ನಿಮ್ಮ ಕಂಪ್ಯೂಟರಿಗೆ ವಿಂಡೋಸ್ 11 ಒಗ್ಗುವುದಾದರೆ ಅಲ್ಲೇ ತೋರಿಸುತ್ತದೆ, ಒರಿಜಿನಲ್ ವಿಂಡೋಸ್ 10 ಇದ್ದವರಿಗೆ ದುಡ್ಡೂ ಇಲ್ಲ. ಅಲ್ಲಿ ಬರದಿದ್ದರೆ ಮೈಕ್ರೋಸಾಫ್ಟ್ ಸೈಟಿನಲ್ಲಿ ಇನ್‌ಸ್ಟಾಲೇಶನ್ ಅಸಿಸ್ಟೆಂಟ್ ಎಂಬ ಪುಟ್ಟ ಸಾಫ್ಟ್‌ವೇರ್ ಸಿಗುತ್ತದೆ. ಮೂರನೆಯದು ಐಎಸ್‌ಒ ಫೈಲ್. ಹಿಂದೆ ಸಿಡಿಯಲ್ಲಿ ಬರುತ್ತಿದ್ದುದೇ ಈಗ ಒಂದೇ ದೊಡ್ಡ ಫೈಲಾಗಿ ಬರುತ್ತದೆ ಅಷ್ಟೆ. ಅದರ ಮೇಲೆ ಡಬಲ್ ಕ್ಲಿಕ್ ಮಾಡಿದರೆ ಸಿಡಿ ಹಾಕಿದ ಹಾಗೆ ಹೊಸ ಡ್ರೈವ್ ತೆರೆಯುತ್ತದೆ, ಒಳಗಿನ ಸೆಟಪ್ ಓಡಿಸಬೇಕು.

ಇಲ್ಲಿ ಗಮನ ಬೇಕಾದ ಜಾಗ ಒಂದಿದೆ. ಸೆಟಪ್ ಮಧ್ಯದಲ್ಲಿ ಏನೇನು ಉಳಿಸಿಕೊಳ್ಳಬೇಕು ಎಂದು ಕೇಳುತ್ತದೆ. ‘ಕೀಪ್ ಪರ್ಸನಲ್ ಫೈಲ್ಸ್ ಆ್ಯಂಡ್ ಆ್ಯಪ್ಸ್’ ಎಂಬುದನ್ನೇ ಆರಿಸಿ. ಕೆಲವರಿಗೆ ಅದು ಮಸುಕಾಗಿ ಕಾಣುತ್ತದೆ, ಒತ್ತಲು ಆಗುವುದಿಲ್ಲ. ಬಹಳ ಸಲ ಕಾರಣ ಭಾಷೆ. ಡೌನ್‌ಲೋಡ್ ಮಾಡುವಾಗ ಪಟ್ಟಿಯಲ್ಲಿ ಇಂಗ್ಲಿಷ್ ಯುನೈಟೆಡ್ ಸ್ಟೇಟ್ಸ್ ಬೇರೆ, ಇಂಗ್ಲಿಷ್ ಇಂಟರ್‌ನ್ಯಾಷನಲ್ ಬೇರೆ. ಈಗಿರುವ ವಿಂಡೋಸ್ ಯಾವುದರಲ್ಲಿದೆಯೋ ಅದನ್ನೇ ಇಳಿಸಿಕೊಳ್ಳಬೇಕು. ತಪ್ಪು ಫೈಲ್ ತಂದಿದ್ದರೆ ಅಲ್ಲೇ ಕ್ಯಾನ್ಸಲ್ ಮಾಡಿ ಸರಿಯಾದದ್ದನ್ನು ತನ್ನಿ. ‘ಹೋಗಲಿ ಬಿಡು’ ಎಂದು ‘ನಥಿಂಗ್’ ಒತ್ತಿದರೆ ಅದು ಫಾರ್ಮ್ಯಾಟ್ ಮಾಡಿಸಿದಂತೆಯೇ. ನಮ್ಮಲ್ಲಿ ಮಾರುವ ಲ್ಯಾಪ್‌ಟಾಪುಗಳಲ್ಲಿ ‘ಹೋಮ್ ಸಿಂಗಲ್ ಲ್ಯಾಂಗ್ವೇಜ್’ ಎಂಬ ಎಡಿಷನ್ ಕಾಣುವುದುಂಟು. ಅದಕ್ಕೆ ಬೇರೆ ಫೈಲ್ ಹುಡುಕಬೇಕಿಲ್ಲ, ಮಾಮೂಲಿ ಐಎಸ್‌ಒ ಒಳಗೇ ಅದೂ ಇದೆ.

ಒಳಗೆ ಏನು ನಡೆಯುತ್ತದೆ ಎಂದು ತಿಳಿದರೆ ಭಯ ಕಮ್ಮಿಯಾಗುತ್ತದೆ. ಸೆಟಪ್ ಮೊದಲು ಹೊಸ ವಿಂಡೋಸನ್ನು ಡಿಸ್ಕಿನಲ್ಲಿ ಒಂದು ಕಡೆ ಬಿಚ್ಚಿಕೊಳ್ಳುತ್ತದೆ. ಆಮೇಲೆ ರೀಸ್ಟಾರ್ಟ್ ಆಗಿ, ಹಳೆಯ ವಿಂಡೋಸನ್ನು ವಿಂಡೋಸ್ ಡಾಟ್ ಓಲ್ಡ್ ಎಂಬ ಫೋಲ್ಡರಿಗೆ ಸರಿಸುತ್ತದೆ. ಮನೆ ರಿಪೇರಿ ಮಾಡಿಸುವಾಗ ಸಾಮಾನನ್ನೆಲ್ಲ ಪಕ್ಕದ ರೂಮಿಗೆ ಸಾಗಿಸಿ, ಕೆಲಸ ಮುಗಿದ ಮೇಲೆ ಒಂದೊಂದಾಗಿ ತಂದಿಡುತ್ತೇವಲ್ಲ, ಹಾಗೆ. ಹೊಸದು ನೆಲೆಯಾದ ಮೇಲೆ ಡ್ರೈವರ್, ಸಾಫ್ಟ್‌ವೇರ್, ಸೆಟ್ಟಿಂಗ್ ವಾಪಸ್ ಬರುತ್ತವೆ. ಮಧ್ಯೆ ಏನಾದರೂ ಕೈಕೊಟ್ಟರೆ ಸೆಟಪ್ ತಾನಾಗಿಯೇ ಹಳೆಯದಕ್ಕೆ ಮರಳಲು ನೋಡುತ್ತದೆ. ಮುಗಿದ ಮೇಲೂ ಇಷ್ಟವಾಗದಿದ್ದರೆ 10 ದಿನದೊಳಗೆ ಸೆಟ್ಟಿಂಗ್ಸಿನ ರಿಕವರಿಗೆ ಹೋಗಿ ‘ಗೋ ಬ್ಯಾಕ್’ ಒತ್ತಬಹುದು. ಜಾಗ ಉಳಿಸಲು ಡಿಸ್ಕ್ ಕ್ಲೀನಪ್ ಮಾಡಿ ಆ ಹಳೆಯ ಫೋಲ್ಡರನ್ನು ಅಳಿಸಿಬಿಟ್ಟರೆ ಈ ದಾರಿ ಮುಚ್ಚುತ್ತದೆ.

ಅಷ್ಟಾದರೂ ಬ್ಯಾಕಪ್ ಬಿಡಬೇಡಿ. ಡೆಸ್ಕ್‌ಟಾಪ್, ಡೌನ್‌ಲೋಡ್ಸ್ ಎರಡನ್ನೂ ಮರೆಯದೆ ಎಕ್ಸ್‌ಟರ್ನಲ್ ಡಿಸ್ಕಿಗೆ ಕಾಪಿ ಮಾಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿರಲಿ. ಡೆಸ್ಕ್‌ಟಾಪ್ ಕಂಪ್ಯೂಟರಾದರೆ ಯುಪಿಎಸ್ ಬೇಕು. ಮಳೆಗಾಲದ ಸಂಜೆ ಗುಡುಗು ಶುರುವಾದರೆ ಕರೆಂಟ್ ಯಾವಾಗ ಹೋಗುತ್ತದೋ ಹೇಳಲಾಗದು, ಅಂಥ ಹೊತ್ತಿನಲ್ಲಿ ಈ ಕೆಲಸಕ್ಕೆ ಕೂರಬೇಡಿ. ಇನ್ನೊಂದು ವಿಷಯ ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ಬೀಗ ಹಾಕುವ ವಿಂಡೋಸಿನದೇ ವ್ಯವಸ್ಥೆ. ಡಿಸ್ಕ್ ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಗಳ ರಿಕವರಿ ಕೀಯನ್ನು ಮೊದಲೇ ಬರೆದಿಟ್ಟುಕೊಳ್ಳಿ. ಮೈಕ್ರೋಸಾಫ್ಟ್ ಅಕೌಂಟಿನಿಂದ ಲಾಗಿನ್ ಆಗುವವರಿಗೆ ಅದು ಆ ಅಕೌಂಟಿನಲ್ಲೇ ಸಿಗುತ್ತದೆ.

ರಿಕವರಿ ಪಾರ್ಟಿಶನ್ ಜೊತೆ ಇನ್-ಪ್ಲೇಸ್ ಅಪ್‌ಗ್ರೇಡನ್ನು ಗೊಂದಲ ಮಾಡಿಕೊಳ್ಳುವವರು ಜಾಸ್ತಿ. ಸಿಡಿಯ ಬದಲಿಗೆ ತಯಾರಕರು ಡಿಸ್ಕಿನಲ್ಲೇ ಬಚ್ಚಿಟ್ಟಿರುವ ಭಾಗ ಅದು. ಅದರಿಂದ ಕಂಪ್ಯೂಟರ್ ಅಂಗಡಿಯಿಂದ ತಂದ ದಿನದ ಸ್ಥಿತಿಗೆ ಮರಳುತ್ತದೆ, ಆಗಿನ ವಿಂಡೋಸೇ ಬರುತ್ತದೆ. ಅಪ್‌ಗ್ರೇಡಿಗೂ ಅದಕ್ಕೂ ಸಂಬಂಧವಿಲ್ಲ.

ವಿಂಡೋಸಿನ ಹೋಮ್ ಎಡಿಷನ್ನಿನಿಂದ ಪ್ರೋ ಎಡಿಷನ್ನಿಗೆ ಹೋಗುವುದಕ್ಕಂತೂ ಹೊಸ ವಿಂಡೋಸ್ ಇಳಿಸುವುದೇ ಬೇಡ. ಸೆಟ್ಟಿಂಗ್ಸಿನ ಆ್ಯಕ್ಟಿವೇಶನ್ ಪುಟದಲ್ಲಿ ಪ್ರೋ ಕೀ ಹಾಕಿದರೆ ಅಥವಾ ಅಲ್ಲೇ ಸ್ಟೋರಿನಲ್ಲಿ ಕೊಂಡರೆ ಆಯಿತು. ಮನೆ ಬಳಕೆಗೆ ಪ್ರೋ ಬೇಕೇ ಎಂದು ಕೇಳಿದರೆ, ನನ್ನ ಮಟ್ಟಿಗೆ ಬೇಡ.

ಎಲ್ಲ ಕಂಪ್ಯೂಟರಿಗೂ ವಿಂಡೋಸ್ 11 ಒಗ್ಗುವುದಿಲ್ಲ. 4 ಜಿಬಿ ರ್‍ಯಾಮ್, 64 ಜಿಬಿ ಡಿಸ್ಕ್ ಹೆಚ್ಚಿನವರಲ್ಲಿ ಇರುತ್ತದೆ. ತಡೆಯುವುದು ಟಿಪಿಎಂ 2.0 ಎಂಬ ಸೆಕ್ಯೂರಿಟಿ ಭಾಗ ಮತ್ತು ಪ್ರೊಸೆಸರ್. ಇಂಟೆಲ್ ಆದರೆ ಹೆಚ್ಚುಕಮ್ಮಿ 8ನೇ ತಲೆಮಾರಿನಿಂದ ಈಚಿನದು ಬೇಕು. ನಿಮ್ಮದು ನಡೆಯುತ್ತದೆಯೇ ಎಂದು ಪಿಸಿ ಹೆಲ್ತ್ ಚೆಕ್ ಎಂಬ ಆ್ಯಪ್ ಹೇಳುತ್ತದೆ. ಟಿಪಿಎಂ ಇಲ್ಲ ಎಂದು ಬಂದರೆ ತಕ್ಷಣ ಹೊಸ ಲ್ಯಾಪ್‌ಟಾಪ್ ನೋಡಲು ಹೊರಡಬೇಡಿ, ಎಷ್ಟೋ ಕಂಪ್ಯೂಟರುಗಳಲ್ಲಿ ಅದು ಬಯಾಸಿನಲ್ಲಿ (ವಿಂಡೋಸ್ ಶುರುವಾಗುವ ಮೊದಲೇ ತೆರೆಯುವ ಸೆಟ್ಟಿಂಗಿನಲ್ಲಿ) ಆಫ್ ಆಗಿರುತ್ತದೆ ಅಷ್ಟೆ. 32 ಬಿಟ್ ವಿಂಡೋಸ್ ಇದ್ದವರಿಗೆ ಮಾತ್ರ ಇನ್-ಪ್ಲೇಸ್ ದಾರಿ ಇಲ್ಲ, ವಿಂಡೋಸ್ 11 ಬರುವುದು 64 ಬಿಟ್‌ನಲ್ಲಿ ಮಾತ್ರ. ವಿಂಡೋಸ್ 10ರ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅದರಲ್ಲೇ ಉಳಿಯಬೇಕಾದವರು ಇಎಸ್‌ಯು (ಎಕ್ಸ್‌ಟೆಂಡೆಡ್ ಸೆಕ್ಯೂರಿಟಿ ಅಪ್‌ಡೇಟ್ಸ್) ಯೋಜನೆಗೆ ಸೇರಿಕೊಂಡರೆ 2026ರ ಅಕ್ಟೋಬರ್ 13ರವರೆಗೆ ಸೆಕ್ಯೂರಿಟಿ ಅಪ್‌ಡೇಟ್ ಸಿಗುತ್ತದೆ. ಸೇರುವ ಲಿಂಕ್ ಕೂಡ ವಿಂಡೋಸ್ ಅಪ್‌ಡೇಟ್ ಪುಟದಲ್ಲೇ ಇದೆ.