ಅಜ್ಜಿಯ ಏಳು ಜನ ಅಣ್ಣತಮ್ಮಂದಿರು: ಮಾನವಶಾಸ್ತ್ರದಲ್ಲಿ ಹೋಲಿಕೆ ನಡೆಯುವ ಬಗೆ

ಬಂಧುತ್ವದ ಪಾಠಕ್ಕೆ ಮನೆಯ ವಂಶಾವಳಿ ಬರೆದುಕೊಂಡು ಹೋಗಬೇಕಿತ್ತು. ಅಜ್ಜಿಯ ಮುಂದೆ ಪುಸ್ತಕ ಬಿಚ್ಚಿ ಕೂತು, "ಅಜ್ಜಿ, ನಿಂಗೆ ಅಣ್ಣತಮ್ಮಂದಿರು ಎಷ್ಟು ಜನ?" ಅಂದೆ. "ಏಳು ಜನ ಕಣಪ್ಪ" ಅಂದರು. ಒಂದೊಂದೇ ಹೆಸರು ಕೇಳುತ್ತಾ ಹೋದೆ. ಅಜ್ಜಿಯ ಒಡಹುಟ್ಟಿದವರು ಮೂವರೇ. ಇನ್ನು ಮೂವರು ಚಿಕ್ಕಪ್ಪನ ಮಕ್ಕಳು, ಒಬ್ಬರು ದೊಡ್ಡಮ್ಮನ ಮಗ. ಸೋದರಮಾವನಿಗೂ ಗಂಡುಮಕ್ಕಳಿದ್ದರು, ಆದರೆ ಅವರಲ್ಲಿ ಒಬ್ಬರೂ ಈ ಏಳರ ಲೆಕ್ಕದಲ್ಲಿ ಇಲ್ಲ. ಯಾಕೆ ಅಂತ ಕೇಳಿದೆ. "ಅವರು ಹೆಂಗೆ ಅಣ್ಣತಮ್ಮ ಆಗ್ತಾರೆ? ಅವರಲ್ಲೊಬ್ಬರೇ ಅಲ್ವಾ ನಿಮ್ಮ ತಾತ?"

ಬೇರೆ ಬೇರೆ ಸಂಸ್ಕೃತಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ಹೇಗೆ, ಅದರಲ್ಲಿ ಜಾರಿ ಬೀಳುವುದು ಎಲ್ಲಿ ಎಂಬುದನ್ನು ಈ ಒಂದು ಉತ್ತರದಿಂದಲೇ ಬಿಡಿಸಿಕೊಂಡು ಹೋಗಬಹುದು ಅನ್ನಿಸಿ, ಜೊತೆಗೆ ಓದುವ ಗೆಳೆಯರಿಗಾಗಿ ಈ ಟಿಪ್ಪಣಿ ಬರೆಯುತ್ತಿದ್ದೇನೆ. ಪಠ್ಯದಲ್ಲಿ ಬಂಧುತ್ವ ಒಂದು ಅಧ್ಯಾಯ, ತುಲನಾತ್ಮಕ ವಿಧಾನ ಇನ್ನೊಂದು ಅಧ್ಯಾಯ. ಎರಡನ್ನೂ ಒಟ್ಟಿಗೆ ಓದಿದರೆ ಚೆನ್ನಾಗಿ ತಲೆಗೆ ಹತ್ತುತ್ತದೆ.

ಮಾರ್ಗನ್ ಕೋಷ್ಟಕದಲ್ಲಿ ಕನ್ನಡ

ಲೂಯಿಸ್ ಹೆನ್ರಿ ಮಾರ್ಗನ್ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ವಕೀಲಿ ಮಾಡುತ್ತಿದ್ದವನು. ಹತ್ತಿರದ ಸೆನೆಕಾ ಜನರ ನಡುವೆ (ಇವರು ಇರೊಕ್ವಾ ಒಕ್ಕೂಟಕ್ಕೆ ಸೇರಿದವರು) ಓಡಾಡುವಾಗ ಅವನಿಗೊಂದು ಸಂಗತಿ ವಿಚಿತ್ರವಾಗಿ ಕಂಡಿತು. ಅವರು ಅಪ್ಪನ ತಮ್ಮನನ್ನೂ ಅಪ್ಪ ಎನ್ನುತ್ತಾರೆ, ಅವನ ಮಕ್ಕಳನ್ನು ಅಣ್ಣ ತಮ್ಮ ಅಕ್ಕ ತಂಗಿ ಎನ್ನುತ್ತಾರೆ. ತಾಯಿಯ ಸೋದರನ ಮಕ್ಕಳಿಗೆ, ಅಪ್ಪನ ಸೋದರಿಯ ಮಕ್ಕಳಿಗೆ ಮಾತ್ರ ಬೇರೆ ಪದ. 1858ರಲ್ಲಿ ಮಿಷಿಗನ್ ಕಡೆಯ ಒಜಿಬ್ವೆ ಜನರಲ್ಲೂ ಇದೇ ಏರ್ಪಾಡು ಸಿಕ್ಕಿತು. ಭಾಷೆ ಬೇರೆ, ಏರ್ಪಾಡು ಒಂದೇ! ಆಗ ಅವನು ಪ್ರಶ್ನಾವಳಿ ಅಚ್ಚು ಹಾಕಿಸಿ, ಸ್ಮಿತ್ಸೋನಿಯನ್ ಸಂಸ್ಥೆಯ ನೆರವಿನಿಂದ ಲೋಕದ ಮೂಲೆಮೂಲೆಗೆ ಕಳಿಸಿದ. ಮಿಷನರಿಗಳು, ಸರ್ಕಾರಿ ಪ್ರತಿನಿಧಿಗಳು ತುಂಬಿ ಕಳಿಸಿದ ಉತ್ತರಗಳೆಲ್ಲ ಸೇರಿ 1871ರಲ್ಲಿ ದೊಡ್ಡ ಗ್ರಂಥವಾಯಿತು. ಅದರ ಕೋಷ್ಟಕಗಳಲ್ಲಿ ತಮಿಳು, ತೆಲುಗಿನ ಜೊತೆ ಕನ್ನಡದ ನಂಟಿನ ಪದಗಳೂ ಇವೆ. ನಮ್ಮ ದೊಡ್ಡಪ್ಪ, ಸೋದರಮಾವಂದಿರು ಮಾನವಶಾಸ್ತ್ರದ ಮೊದಲ ದೊಡ್ಡ ಹೋಲಿಕೆಯೊಳಗೇ ಇದ್ದರು ಎಂಬುದು ನನಗೆ ಇವತ್ತಿಗೂ ರೋಮಾಂಚನ ತರುವ ವಿಷಯ.

ನಮ್ಮ ಪದಗಳು ಮಾಡುವ ಕೆಲಸವನ್ನು ಒಮ್ಮೆ ನಿಧಾನವಾಗಿ ನೋಡೋಣ. ಅಪ್ಪನ ಅಣ್ಣತಮ್ಮಂದಿರು ದೊಡ್ಡಪ್ಪ, ಚಿಕ್ಕಪ್ಪ. ಅಂದರೆ ಅಪ್ಪಂದಿರೇ. ಅಮ್ಮನ ಅಕ್ಕತಂಗಿಯರು ದೊಡ್ಡಮ್ಮ, ಚಿಕ್ಕಮ್ಮ. ಅಂದರೆ ಅಮ್ಮಂದಿರೇ. ಅಪ್ಪಂದಿರ ಮಕ್ಕಳೂ ಅಮ್ಮಂದಿರ ಮಕ್ಕಳೂ ನನಗೆ ಒಡಹುಟ್ಟಿದವರ ಲೆಕ್ಕ. ಆದರೆ ಅಪ್ಪನ ಅಕ್ಕತಂಗಿ ಅತ್ತೆ, ಅಮ್ಮನ ಅಣ್ಣತಮ್ಮ ಮಾವ. ಅವರ ಮಕ್ಕಳು ಭಾವ, ಮೈದುನ, ಅತ್ತಿಗೆ, ನಾದಿನಿ. ಮೊದಲ ಗುಂಪಿಗೆ ಸಮಾಂತರ ಬಂಧುಗಳು, ಎರಡನೆಯದಕ್ಕೆ ಅಡ್ಡಬಂಧುಗಳು ಎಂದು ಶಾಸ್ತ್ರದಲ್ಲಿ ಹೆಸರು. ನಡುವಿನ ಕೊಂಡಿಯಾಗಿ ನಿಂತ ಒಡಹುಟ್ಟಿದವರಿಬ್ಬರೂ ಗಂಡಸರಾಗಿದ್ದರೆ ಅಥವಾ ಇಬ್ಬರೂ ಹೆಂಗಸರಾಗಿದ್ದರೆ ಸಮಾಂತರ. ಒಬ್ಬರು ಗಂಡು, ಒಬ್ಬರು ಹೆಣ್ಣಾದರೆ ಅಡ್ಡ.

ಇದಕ್ಕಿಂತ ಸ್ವಾರಸ್ಯದ್ದು ಇನ್ನೊಂದಿದೆ. ಗಂಡನ ಅಪ್ಪನೂ ಹೆಂಡತಿಯ ಅಪ್ಪನೂ ಮಾವನೇ. ಅಕ್ಕನ ಗಂಡನೂ ಭಾವ, ಸೋದರಮಾವನ ಹಿರಿಮಗನೂ ಭಾವ. ಮಗಳ ಗಂಡ ಅಳಿಯ, ಅಕ್ಕನ ಮಗನೂ ಸೋದರಳಿಯ. ರಕ್ತದ ನಂಟಿಗೂ ಮದುವೆಯ ನಂಟಿಗೂ ಒಂದೇ ಪದ ಹೇಗೆ ಸಾಲುತ್ತದೆ? ಮಾವನ ಮಗಳನ್ನೋ ಅತ್ತೆಯ ಮಗಳನ್ನೋ ಮದುವೆಯಾಗುವುದು ಸಹಜ ಎಂದು ಈ ವ್ಯವಸ್ಥೆ ಮೊದಲೇ ಒಪ್ಪಿಕೊಂಡಿರುವುದರಿಂದ ಸಾಲುತ್ತದೆ. ಅಜ್ಜಿಯ ಉತ್ತರದ ಹಿಂದಿದ್ದ ವ್ಯಾಕರಣ ಇದೇ.

ಹೋಲಿಕೆ ಹಿಡಿದದ್ದು, ಹೋಲಿಕೆ ತಪ್ಪಿದ್ದು

ಸೆನೆಕಾ ಮತ್ತು ತಮಿಳಿನ ಏರ್ಪಾಡು ಒಂದೇ ಎಂದು ಕಂಡಾಗ ಮಾರ್ಗನ್ ಎರಡು ಹೆಜ್ಜೆ ಮುಂದೆ ಹೋದ. ಅಮೆರಿಕದ ಮೂಲನಿವಾಸಿಗಳು ಏಷ್ಯಾದಿಂದ ಬಂದವರು ಎನ್ನುವುದಕ್ಕೆ ಇದೇ ಸಾಕ್ಷಿ ಎಂದದ್ದು ಒಂದು ಹೆಜ್ಜೆ. ಇಂಥ ಪದಗಳು ಹಳೆಯ ಕಾಲದ ಗುಂಪುಮದುವೆಯ (ಒಂದು ಗುಂಪಿನ ಗಂಡಸರೆಲ್ಲ ಇನ್ನೊಂದು ಗುಂಪಿನ ಹೆಂಗಸರೆಲ್ಲರಿಗೂ ಗಂಡಂದಿರಾಗುವ ಪದ್ಧತಿ) ಪಳೆಯುಳಿಕೆ, ಮನುಕುಲವೆಲ್ಲ ಒಂದೇ ಏಣಿ ಹತ್ತುತ್ತಿದೆ ಎಂದದ್ದು ಇನ್ನೊಂದು. 1877ರ ಪುಸ್ತಕದಲ್ಲಿ ಆ ಏಣಿಗೆ ವನ್ಯಾವಸ್ಥೆ, ಅನಾಗರಿಕಾವಸ್ಥೆ, ನಾಗರಿಕತೆ ಎಂಬ ಮೆಟ್ಟಿಲುಗಳು. ಏಷ್ಯಾದಿಂದ ವಲಸೆ ಬಂದದ್ದು ನಿಜವೇ, ಆದರೆ ಅದು ಬೇರೆ ಬಗೆಯ ಪುರಾವೆಗಳಿಂದ ಸಿದ್ಧವಾಯಿತು. ಮಾರ್ಗನ್ ಕೊಟ್ಟ ಸಾಕ್ಷಿ ನಿಲ್ಲಲಿಲ್ಲ.

1896ರಲ್ಲಿ ಮಾನವಶಾಸ್ತ್ರಜ್ಞ ಫ್ರಾನ್ಜ್ ಬೋವಾಸ್ ಎತ್ತಿದ ಆಕ್ಷೇಪ ಪರೀಕ್ಷೆಗೆ ಮಾತ್ರವಲ್ಲ, ಜೀವನಕ್ಕೂ ಬೇಕಾದದ್ದು. ಒಂದೇ ಫಲ ಕಂಡ ಮಾತ್ರಕ್ಕೆ ಒಂದೇ ಕಾರಣ ಇದೆ ಎನ್ನಲಾಗದು. ಒಂದೇ ರೂಪದ ಆಚರಣೆ ಬೇರೆ ಬೇರೆ ಊರಲ್ಲಿ ಬೇರೆ ಬೇರೆ ದಾರಿಯಿಂದ ಬಂದಿರಬಹುದು. ಮೊದಲು ಪ್ರತಿ ಸಮಾಜದ ಸ್ವಂತ ಚರಿತ್ರೆ ತಿಳಿಯಿರಿ, ಹೋಲಿಕೆ ಆಮೇಲೆ ಎಂಬುದು ಅವನ ವಾದ. ಸಾಂಸ್ಕೃತಿಕ ಸಾಪೇಕ್ಷತೆ (ಒಂದು ಸಂಸ್ಕೃತಿಯನ್ನು ಅದರದೇ ಸಂದರ್ಭದಲ್ಲಿಟ್ಟು ಅರ್ಥ ಮಾಡಿಕೊಳ್ಳಬೇಕು ಎಂಬ ನಿಲುವು) ಎಂದು ನಾವು ಓದುವ ವಿಚಾರದ ಬೇರು ಇಲ್ಲಿದೆ.

ಸೆನೆಕಾ, ದ್ರಾವಿಡ ಎರಡೂ ಏರ್ಪಾಡು "ಒಂದೇ" ಎಂಬುದೂ ಪೂರ್ತಿ ನಿಜವಲ್ಲ. 1964ರಲ್ಲಿ ಫ್ಲಾಯ್ಡ್ ಲೌನ್ಸ್‌ಬರಿ ತೋರಿಸಿಕೊಟ್ಟ ವ್ಯತ್ಯಾಸವನ್ನು ಕನ್ನಡದಲ್ಲೇ ಪರೀಕ್ಷಿಸಿ. ನನ್ನಪ್ಪನ ಸೋದರತ್ತೆಗೆ ಒಬ್ಬ ಮಗ. ಅಪ್ಪನಿಗೆ ಅವನು ಭಾವನೋ ಮೈದುನನೋ ಆಗಬೇಕು. ಅಪ್ಪನ ಭಾವಮೈದುನ ನನಗೆ ಏನು? ಮಾವ. ಹಾಗಾಗಿ ಅವನ ಮಕ್ಕಳು ನನಗೆ ಅಡ್ಡಬಂಧುಗಳು. ಇದೇ ಲೆಕ್ಕವನ್ನು ಸೆನೆಕಾ ಕ್ರಮದಲ್ಲಿ ಹಾಕಿದರೆ, ಅಪ್ಪನ ತಲೆಮಾರಿನ ಆ ಗಂಡಸೂ ಅಪ್ಪನೇ, ಅವನ ಮಕ್ಕಳು ಅಣ್ಣತಂಗಿಯರೇ. ಮೊದಲ ಸುತ್ತಿನ ನಂಟರಲ್ಲಿ ಎರಡೂ ಅಚ್ಚು ಒತ್ತಿದ ಹಾಗೆ ಹೊಂದುತ್ತವೆ, ಎರಡನೇ ಸುತ್ತಿಗೆ ಹೋದ ಕೂಡಲೇ ದಾರಿ ಕವಲೊಡೆಯುತ್ತದೆ. ದ್ರಾವಿಡ ಕ್ರಮದಲ್ಲಿ ಅಡ್ಡನಂಟು ಮದುವೆಯ ಮೂಲಕ ತಲೆಮಾರಿನಿಂದ ತಲೆಮಾರಿಗೆ ಹರಿಯುತ್ತದೆ, ಇರೊಕ್ವಾ ಕ್ರಮದಲ್ಲಿ ಹರಿಯುವುದಿಲ್ಲ. ಮಾರ್ಗನ್ ಕಣ್ಣಿಗೂ ಇಂಥದೊಂದು ವ್ಯತ್ಯಾಸ ಬಿದ್ದಿತ್ತು, ಆದರೆ ಅವನು ಅದಕ್ಕೆ ತೂಕ ಕೊಡಲಿಲ್ಲ. ಸಾಮ್ಯ ಹುಡುಕುತ್ತ ಹೊರಟವನಿಗೆ ಭೇದ ಸಣ್ಣದಾಗಿ ಕಾಣುತ್ತದೆ ಎಂದು ನನ್ನ ಅನಿಸಿಕೆ.

ಎಮಿಕ್, ಎಟಿಕ್ ಎಂಬ ಜೋಡಿಪದ ಇಲ್ಲಿಗೆ ಸರಿಯಾಗಿ ಕೂರುತ್ತದೆ. ಭಾಷಾಶಾಸ್ತ್ರಜ್ಞ ಕೆನೆತ್ ಪೈಕ್ 1954ರಲ್ಲಿ ತಂದ ಪದಗಳಿವು. ಕನ್ನಡದವರಿಗೆ ಇದನ್ನು ವಿವರಿಸಲು ಎರಡು ಪದ ಸಾಕು: ಹಲ್ಲಿ, ಹಳ್ಳಿ. ಇಂಗ್ಲಿಷ್ ಕಿವಿಗೆ ಎರಡೂ ಒಂದೇ ಸದ್ದು. ನಮಗೆ ಒಂದು ಗೋಡೆಯ ಮೇಲಿನದು, ಇನ್ನೊಂದು ನಾವು ಹುಟ್ಟಿದ ಜಾಗ. ಬಾಯೊಳಗೆ ನಾಲಗೆ ಎಲ್ಲಿ ತಾಗಿತು ಎಂದು ಹೊರಗಿನಿಂದ ಅಳೆಯುವುದು ಎಟಿಕ್. ಆ ಭಾಷೆಯವರಿಗೆ ಅರ್ಥ ಬದಲಾಗುವುದು ಎಲ್ಲಿ ಎಂದು ಒಳಗಿನಿಂದ ನೋಡುವುದು ಎಮಿಕ್. "ಅಂಕಲ್" ಎಂಬ ಪದ ಹಿಡಿದು ನಮ್ಮ ಮನೆಗೆ ಬಂದವನಿಗೆ ಚಿಕ್ಕಪ್ಪನೂ ಸೋದರಮಾವನೂ ಒಂದೇ ಆಗಿ ಕಾಣುತ್ತಾರೆ. ಅವನ ಅಳತೆಗೋಲಿನಲ್ಲಿ ಆ ಗೆರೆಯೇ ಇಲ್ಲ.

ಕೇಳುವ ರೀತಿ

ಹಾಗಾದರೆ ಅಜ್ಜಿಯ ಹತ್ತಿರ ನಾನು ಹೇಗೆ ಕೇಳಬೇಕಿತ್ತು? ಇದಕ್ಕೆ ದಾರಿ ಮಾಡಿದವರು ಡಬ್ಲ್ಯು. ಎಚ್. ಆರ್. ರಿವರ್ಸ್. 1898ರಲ್ಲಿ ಕೇಂಬ್ರಿಜ್ ತಂಡದ ಜೊತೆ ಆಸ್ಟ್ರೇಲಿಯಾಕ್ಕೂ ನ್ಯೂಗಿನಿಗೂ ನಡುವಿನ ಟಾರಸ್ ಜಲಸಂಧಿಗೆ ಹೋದಾಗ ಅವರು ವಂಶಾವಳಿ ವಿಧಾನ ರೂಪಿಸಿದರು. ಹೆತ್ತ ತಾಯಿ, ತಂದೆ, ಗಂಡ, ಹೆಂಡತಿ, ಮಗು ಎಂಬ ಕೆಲವೇ ಪದಗಳನ್ನು ಬಳಸಿ, ಹೆಸರು ಹಿಡಿದು ಮರ ಕಟ್ಟುತ್ತಾ ಹೋಗುವುದು ಮೊದಲ ಕೆಲಸ. ಮರ ಪೂರ್ತಿಯಾದ ಮೇಲೆ ಒಂದೊಂದು ಹೆಸರಿನ ಮೇಲೆ ಬೆರಳಿಟ್ಟು, "ಇವರನ್ನು ನೀವು ಏನಂತ ಕರೀತೀರಿ?" ಎಂದು ಕೇಳುವುದು ಎರಡನೆಯದು. ಪದವನ್ನೂ ವ್ಯಕ್ತಿಯನ್ನೂ ಬೇರೆ ಬೇರೆಯಾಗಿ ಹಿಡಿಯುವುದೇ ಇಲ್ಲಿನ ಗುಟ್ಟು. ನಾನು ಎರಡನೇ ಪ್ರಶ್ನೆಯನ್ನು ಮೊದಲು ಕೇಳಿಬಿಟ್ಟಿದ್ದೆ.

ಅದೇ ರಿವರ್ಸ್ ನೀಲಗಿರಿಯ ತೋಡರ ಹತ್ತಿರ ಬಂದಾಗ "ತಂದೆ" ಎಂಬ ಪದವನ್ನೂ ಬಿಡಿಸಿ ನೋಡಬೇಕಾಯಿತು. ಅಣ್ಣತಮ್ಮಂದಿರೆಲ್ಲ ಸೇರಿ ಒಬ್ಬಳನ್ನೇ ಮದುವೆಯಾಗುವ ಪದ್ಧತಿ ಅವರಲ್ಲಿತ್ತು. ಮಗುವಿನ ತಂದೆ ಯಾರೆಂದು ತೀರ್ಮಾನವಾಗುತ್ತಿದ್ದದ್ದು ಬಸಿರಿನ ಏಳನೇ ತಿಂಗಳ ಸುಮಾರಿಗೆ ನಡೆಯುವ ಬಿಲ್ಲುಬಾಣದ ಶಾಸ್ತ್ರದಲ್ಲಿ. ಬಿಲ್ಲು ಕೊಟ್ಟವನು ತಂದೆ. ಜೈವಿಕ ತಂದೆ, ಸಾಮಾಜಿಕ ತಂದೆ ಎಂಬ ಭೇದಕ್ಕೆ ಉದಾಹರಣೆ ಬೇಕಿದ್ದರೆ ಇದನ್ನೇ ಬರೆಯಿರಿ.

ಪ್ರಶ್ನೆ ಕೇಳಿ ಎದ್ದು ಬಂದರೆ ಸಾಲದು, ಅಲ್ಲೇ ಬದುಕಬೇಕು ಎಂಬುದನ್ನು ಗಟ್ಟಿಯಾಗಿ ಸ್ಥಾಪಿಸಿದವರು ಮಲಿನೋವ್‌ಸ್ಕಿ. 1915ರಿಂದ 1918ರ ನಡುವೆ ಎರಡು ಸಲ ನ್ಯೂಗಿನಿ ಹತ್ತಿರದ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ, ಊರೊಳಗೇ ಗುಡಾರ ಹಾಕಿಕೊಂಡು, ಅಲ್ಲಿನ ಭಾಷೆ ಕಲಿತು ಉಳಿದರು. ಆ ಜನ ತಾಯಿಯ ಕಡೆಯಿಂದ ಕುಲ ಎಣಿಸುವವರು. ಹುಡುಗನ ಮೇಲೆ ಅಧಿಕಾರ ಸೋದರಮಾವನದು, ಆಸ್ತಿ ಬರುವುದೂ ಅವನಿಂದ. ಅಪ್ಪ ಮುದ್ದು ಮಾಡುವವನು. ಮಗನಿಗೂ ಅಪ್ಪನಿಗೂ ಚಿಕ್ಕಂದಿನಲ್ಲೇ ಪೈಪೋಟಿ ಎಂಬ ಮನೋವಿಶ್ಲೇಷಕ ಫ್ರಾಯ್ಡ್ ಮಾತು ಮನುಷ್ಯರಿಗೆಲ್ಲ ಅನ್ವಯಿಸುತ್ತದೆಯೇ ಎಂದು ಮಲಿನೋವ್‌ಸ್ಕಿ 1927ರಲ್ಲಿ ಕೇಳಿದ್ದು ಈ ಅನುಭವದ ಬಲದಿಂದ. ಒಂದೇ ಒಂದು ಸಮಾಜವನ್ನು ಆಳವಾಗಿ ಬಲ್ಲವನು "ಎಲ್ಲೆಡೆ ಹೀಗೇ" ಎಂಬ ಮಾತನ್ನು ತಡೆದು ನಿಲ್ಲಿಸಬಲ್ಲ. ಇದೂ ಹೋಲಿಕೆಯೇ.

ಇದನ್ನು ಓದುವಾಗ ತುಳುನಾಡಿನ ಅಳಿಯಸಂತಾನ ನೆನಪಾಗದೆ ಇರದು. ಬಂಟರು, ಬಿಲ್ಲವರು ಮುಂತಾದವರಲ್ಲಿ ಕುಟುಂಬದ ಆಸ್ತಿ ಹೆಣ್ಣಿನ ಸಂತತಿಯಲ್ಲಿ ಇಳಿಯುತ್ತಿತ್ತು, ಯಜಮಾನನ ನಂತರದ ಹಕ್ಕು ಅವನ ಸೋದರಿಯ ಮಕ್ಕಳದು. ಕೆಲವರು ಇಲ್ಲಿನ "ಅಳಿಯ"ನನ್ನು ಮಗಳ ಗಂಡ ಎಂದು ತಪ್ಪು ತಿಳಿಯುತ್ತಾರೆ, ಅವನು ಸೋದರಳಿಯ. 1949ರ ಮದರಾಸ್ ಅಳಿಯಸಂತಾನ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದ ಮೇಲೆ ಆಸ್ತಿಯ ನಿಯಮ ಬದಲಾಯಿತು. ಮದುವೆ ಕೂಡಿಸುವಾಗ ಬಳಿ (ತಾಯಿಯ ಕಡೆಯಿಂದ ಬರುವ ಕುಲ) ಯಾವುದು ಎಂದು ಕೇಳುವ ರೂಢಿ ಉಳಿಯಿತು. ಟ್ರೋಬ್ರಿಯಾಂಡ್ ಮತ್ತು ತುಳುನಾಡನ್ನು "ಎರಡೂ ಮಾತೃವಂಶೀಯ" ಎಂದು ಒಂದೇ ಸಾಲಿನಲ್ಲಿ ಬರೆದು ಮುಗಿಸಬೇಡಿ. ಒಂದು ಕಡೆ ಅಣ್ಣ ತನ್ನ ತೋಟದ ಗೆಣಸನ್ನು ಪ್ರತಿವರ್ಷ ತಂಗಿಯ ಗಂಡನ ಮನೆಗೆ ಹೊತ್ತು ಹಾಕುವ ದ್ವೀಪ; ಇನ್ನೊಂದು ಕಡೆ ಗದ್ದೆ, ಗೇಣಿ, ನ್ಯಾಯಾಲಯಗಳ ನಡುವೆ ಬೆಳೆದ ಕುಟುಂಬ.

ಎಣಿಕೆಯ ದಾರಿ, ಪಕ್ಕದೂರಿನ ದಾರಿ

ಹೆಚ್ಚು ಸಮಾಜಗಳನ್ನು ಎಣಿಸಿ ಹೋಲಿಸಿದರೆ? ಇ. ಬಿ. ಟೈಲರ್ 1888ರಲ್ಲಿ ಸುಮಾರು 350 ಜನಸಮುದಾಯಗಳ ಲೆಕ್ಕ ಹಿಡಿದು, ಗಂಡ ಹೆಂಡತಿಯ ಮನೆಯಲ್ಲಿ ನೆಲೆಸುವ ಪದ್ಧತಿಗೂ ಅತ್ತೆ ಅಳಿಯ ಮುಖ ತಪ್ಪಿಸುವ ಪದ್ಧತಿಗೂ ನಂಟಿದೆ ಎಂದು ತೋರಿಸಿದರು. ಸಭೆಯಲ್ಲಿದ್ದ ಫ್ರಾನ್ಸಿಸ್ ಗಾಲ್ಟನ್ ಕೇಳಿದ ಪ್ರಶ್ನೆ ಅವರ ಹೆಸರಲ್ಲೇ ಉಳಿದಿದೆ: ಇವು ನಿಜಕ್ಕೂ ಬೇರೆ ಬೇರೆ ಉದಾಹರಣೆಗಳೋ, ಒಂದರಿಂದ ಒಂದು ಕಲಿತವೋ? ನಮ್ಮದೇ ಉದಾಹರಣೆ ನೋಡಿ. ಕನ್ನಡ, ತಮಿಳು, ತೆಲುಗು ಎಂದು ಮೂರು ಟಿಕ್ ಹಾಕಿದರೆ ಒಂದೇ ಮನೆಯ ಬಳುವಳಿಯನ್ನು ಮೂರು ಸಲ ಎಣಿಸಿದಂತೆ. ಇನ್ನೊಂದು ಕಡೆ, ಸಿಂಹಳ ದ್ರಾವಿಡ ಭಾಷೆಯಲ್ಲ. ಆದರೂ ಅಲ್ಲಿನ ಬಂಧುತ್ವ ದ್ರಾವಿಡ ಮಾದರಿಯದು. ಮಹಾರಾಷ್ಟ್ರದ ಅನೇಕ ಜಾತಿಗಳಲ್ಲಿ ಮಾವನ ಮಗಳ ಜೊತೆ ಮದುವೆ ಒಪ್ಪಿತ ಎಂದು ಇರಾವತಿ ಕರ್ವೆ 1953ರಲ್ಲಿ ಬರೆದರು. ನೆರೆಹೊರೆಯಿಂದಲೂ ಪದ್ಧತಿ ಹರಡುತ್ತದೆ. ಈ ತೊಡಕು ತಗ್ಗಿಸಲೆಂದೇ ಮರ್ಡಾಕ್ ಮತ್ತು ವೈಟ್ 1969ರಲ್ಲಿ ಒಂದಕ್ಕೊಂದು ದೂರವಿರುವ 186 ಸಮಾಜಗಳ ಮಾದರಿಪಟ್ಟಿ ಮಾಡಿದರು. ಎಣಿಕೆಗೆ ಅನುಕೂಲವೇ, ಆದರೆ ನನ್ನ ಮನಸ್ಸು ಒಲಿಯುವುದು ಚಿಕ್ಕ ಹೋಲಿಕೆಯ ಕಡೆಗೆ.

ಅದಕ್ಕೆ ಒಳ್ಳೆಯ ನಿದರ್ಶನ ಮಂಡ್ಯದ ಹತ್ತಿರವೇ ಇದೆ. ಸ್ಕಾರ್ಲೆಟ್ ಎಪ್‌ಸ್ಟೈನ್ 1954ರಿಂದ 1956ರವರೆಗೆ ಎರಡು ಹಳ್ಳಿಗಳಲ್ಲಿ ಕೆಲಸ ಮಾಡಿದರು. ವಂಗಲ, ದಾಲೇನ ಎಂದು ಅವುಗಳಿಗೆ ಹೆಸರು ಬದಲಿಸಿ ಬರೆದರು. ಭಾಷೆ ಒಂದೇ, ಎರಡರಲ್ಲೂ ಒಕ್ಕಲಿಗರದೇ ಪ್ರಾಬಲ್ಯ. ವಂಗಲಕ್ಕೆ ನಾಲೆ ನೀರು ಬಂತು, ದಾಲೇನ ಎತ್ತರದಲ್ಲಿದ್ದದ್ದರಿಂದ ಬರಲಿಲ್ಲ. ನೀರು ಬಂದ ಊರು ಹೆಚ್ಚು ಬದಲಾಗಿರಬೇಕು ಎಂದು ನಾವು ಊಹಿಸುತ್ತೇವೆ. ಆದದ್ದು ಬೇರೆ. ವಂಗಲದವರು ಕಬ್ಬು ಬೆಳೆದು ಸ್ಥಿತಿವಂತರಾದರು, ಒಕ್ಕಲಿಗರಿಗೂ ಆದಿಕರ್ನಾಟಕರಿಗೂ ನಡುವಿನ ವಂಶಪಾರಂಪರ್ಯದ ದುಡಿಮೆಯ ಕಟ್ಟು ಹಾಗೇ ಉಳಿಯಿತು. ಬೇಸಾಯ ಬೇಸಾಯವಾಗಿಯೇ ಇತ್ತಲ್ಲ. ದಾಲೇನದವರು ಮಂಡ್ಯ ಪೇಟೆಯ ಕೆಲಸಕ್ಕೆ, ವ್ಯಾಪಾರಕ್ಕೆ, ಗಾಡಿ ಹೊಡೆಯುವುದಕ್ಕೆ ಇಳಿದರು, ಊರೊಳಗಿನ ಹಳೆಯ ಸಂಬಂಧಗಳು ಅಲ್ಲಿ ಸಡಿಲಾದವು. ಉಳಿದದ್ದೆಲ್ಲ ಹೆಚ್ಚುಕಡಿಮೆ ಸಮ, ಒಂದು ಅಂಶ ಮಾತ್ರ ಬೇರೆ: ನಿಯಂತ್ರಿತ ಹೋಲಿಕೆ ಎಂದರೆ ಇದು.

ಊರಿನ ಹೆಸರು ಬದಲಿಸುವ ಮರ್ಯಾದೆ ಎಂ. ಎನ್. ಶ್ರೀನಿವಾಸ್ ಅವರಲ್ಲೂ ಇದೆ; ಅವರ ರಾಂಪುರವೂ ಇಟ್ಟ ಹೆಸರೇ. ಮೈಸೂರಿನ ಬ್ರಾಹ್ಮಣರಾಗಿ 1948ರಲ್ಲಿ ಆ ಊರಿಗೆ ಹೋದ ತಮಗೆ ದಲಿತರ ಕೇರಿಯ ಬದುಕು ಮೇಲುಜಾತಿಯವರ ಬದುಕಿನಷ್ಟು ಹತ್ತಿರದಿಂದ ಸಿಗಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ಕ್ಷೇತ್ರಕಾರ್ಯದ ಬಗ್ಗೆ ಉತ್ತರ ಬರೆಯುವಾಗ ಇದನ್ನು ಬಿಡಬೇಡಿ. ಯಾರ ಜಗಲಿಯ ಮೇಲೆ ಕೂತು ನೋಡಿದೆವು ಎಂಬುದೂ ಮಾಹಿತಿಯ ಭಾಗ.

ನಾನು ಅಜ್ಜಿಯ ಹತ್ತಿರ ಮತ್ತೆ ಕೂತೆ. ಈ ಸಲ ಎರಡು ಹಾಳೆ. ಒಂದರಲ್ಲಿ ರಿವರ್ಸ್ ವಿಧಾನದಂತೆ ಕಟ್ಟಿದ ಮರ, ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ನಂಟಿಗೆ ಗೆರೆ: ಅಲ್ಲಿ ಅಣ್ಣತಮ್ಮಂದಿರು ಮೂವರು. ಇನ್ನೊಂದರಲ್ಲಿ ಅಜ್ಜಿ ಕರೆಯುವ ಹೆಸರುಗಳು: ಅಲ್ಲಿ ಏಳು. ಎರಡನ್ನೂ ಪಿನ್ ಮಾಡಿ ಕೊಡುತ್ತಿದ್ದೇನೆ. ನೀವು ಮಾಡುವಾಗ ಅಪ್ಪನ ಸೋದರತ್ತೆಯ ಮಗನವರೆಗಾದರೂ ಮರ ಎಳೆಯಿರಿ, ಅದಕ್ಕಿಂತ ಈಚೆ ನಿಂತರೆ ಸೆನೆಕಾಕ್ಕೂ ನಮಗೂ ಇರುವ ವ್ಯತ್ಯಾಸ ಹಾಳೆಯ ಮೇಲೆ ಬರುವುದೇ ಇಲ್ಲ. ಉತ್ತರ ಕರ್ನಾಟಕದ ಗೆಳೆಯರು ಕಾಕಾ, ಮಾಮಾ ಎಂದೇ ಬರೆಯಿರಿ, ಪಠ್ಯದ ಪದಕ್ಕೆ ತಿದ್ದಬೇಡಿ.