ಹಾಲಿಲ್ಲದ ಚಾಕೊಲೇಟ್ ಐಸ್‌ಕ್ರೀಮ್: ನೀರಿನ ಲೆಕ್ಕ

ಹಾಲಿಲ್ಲದೆ ಐಸ್‌ಕ್ರೀಮ್ ಮಾಡಲು ಹೊರಟವರು ಕೆನೆಯ ಬದಲು ಏನು ಹಾಕಬೇಕೆಂದು ಮೊದಲು ಕೇಳುತ್ತಾರೆ. ಅದಕ್ಕೂ ಮುಂಚೆ ಕೇಳಬೇಕಾದ ಪ್ರಶ್ನೆಯೊಂದಿದೆ: ಪಾತ್ರೆಯಲ್ಲಿ ನೀರು ಎಷ್ಟಿದೆ, ಆ ನೀರನ್ನು ಹಿಡಿದಿಡುವುದು ಯಾವುದು? ಹಿಡಿತಕ್ಕೆ ಸಿಗದ ನೀರು ಫ್ರೀಜರಿನಲ್ಲಿ ದೊಡ್ಡ ಹರಳುಗಳಾಗುತ್ತದೆ. ಹರಳಿನ ಗಾತ್ರ ಸುಮಾರು 50 ಮೈಕ್ರೊಮೀಟರ್ ದಾಟಿತೆಂದರೆ ನಾಲಿಗೆ ಅದನ್ನು ಮರಳು ಮರಳಾಗಿ ಗುರುತಿಸುತ್ತದೆ. ಹಾಲಿನ ಐಸ್‌ಕ್ರೀಮಿನಲ್ಲಿ ಹಾಲಿನ ಪ್ರೋಟೀನು ಕೊಬ್ಬು ಮತ್ತು ನೀರನ್ನು ಬೆಸೆದಿಡುತ್ತದೆ. ಕಾಯಿಹಾಲಿನಲ್ಲಿ ಕೊಬ್ಬು ಧಾರಾಳ, ಪ್ರೋಟೀನು ಕಡಿಮೆ. ಹಾಗಾಗಿ ಬರೀ ಕಾಯಿಹಾಲು, ಸಕ್ಕರೆ, ಕೋಕೊ ಕಲಸಿಟ್ಟರೆ ಗಡುಸಾದ ಗಡ್ಡೆಯೊಂದು ಸಿಗುತ್ತದೆಯೇ ಹೊರತು ಐಸ್‌ಕ್ರೀಮ್ ಸಿಗುವುದಿಲ್ಲ.

ಈ ಟಿಪ್ಪಣಿಗೆ ಆಧಾರವಾದ ಅಳತೆ ಹೀಗಿದೆ: ಗಟ್ಟಿ ಕಾಯಿಹಾಲು 400 ಮಿಲಿ, ಎರಡನೆಯ ಸಲ ಹಿಂಡಿದ ತೆಳು ಕಾಯಿಹಾಲು 150 ಮಿಲಿ, ಗೋಡಂಬಿ 60 ಗ್ರಾಂ, ಸಕ್ಕರೆ 110 ಗ್ರಾಂ, ಜೋನಿ ಬೆಲ್ಲ (ದ್ರವರೂಪದ ಬೆಲ್ಲ) 40 ಗ್ರಾಂ, ಕೋಕೊ ಪುಡಿ 40 ಗ್ರಾಂ, ಶೇ 70 ಕೋಕೊ ಇರುವ ಡಾರ್ಕ್ ಚಾಕೊಲೇಟ್ 80 ಗ್ರಾಂ, ಒಂದು ಚಿಟಿಕೆ ಉಪ್ಪು. ಒಟ್ಟು ತೂಕ 880 ಗ್ರಾಂ ಆಸುಪಾಸು. ಅದರಲ್ಲಿ ಕೊಬ್ಬು ಸುಮಾರು ಶೇ 16, ನೀರು ಅರ್ಧಕ್ಕಿಂತ ತುಸು ಹೆಚ್ಚು. ನಮ್ಮ ದೇಶದ ಆಹಾರ ನಿಯಮದ ಪ್ರಕಾರ ಸಾಮಾನ್ಯ ಐಸ್‌ಕ್ರೀಮಿನಲ್ಲಿ ಹಾಲಿನ ಕೊಬ್ಬು ಕನಿಷ್ಠ ಶೇ 10 ಇರಬೇಕು. ಅದರೊಂದಿಗೆ ಹೋಲಿಸಿ ನೋಡಿದರೆ ಇದು ಎಷ್ಟು ಸಮೃದ್ಧವೆಂದು ತಿಳಿಯುತ್ತದೆ.

ಕಾಯಿಹಾಲಿನಿಂದ ಆರಂಭಿಸೋಣ. ತೆಂಗಿನ ಕೊಬ್ಬು 24–25 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಗಟ್ಟಿಯಾಗುತ್ತದೆ. ಚಳಿಗಾಲದಲ್ಲಿ ಬಾಟಲಿಯೊಳಗಿನ ಕೊಬ್ಬರಿ ಎಣ್ಣೆ ಹೆಪ್ಪುಗಟ್ಟುವುದನ್ನು ಎಲ್ಲರೂ ಕಂಡಿದ್ದೇವೆ. ಆದ್ದರಿಂದ ತುರಿಯನ್ನು ರುಬ್ಬುವಾಗ ತಣ್ಣೀರು ಬೇಡ, ಉಗುರುಬೆಚ್ಚಗಿನ ನೀರು ಹಾಕಿದರೆ ಜಿಡ್ಡು ಚೆನ್ನಾಗಿ ಬಿಡುತ್ತದೆ. ಬಲಿತ ದೊಡ್ಡ ಕಾಯಿ ಎರಡು, ಒಂದು ಲೋಟ ನೀರು ಸಾಕು. ತೆಳುಬಟ್ಟೆಯಲ್ಲಿ ಹಿಂಡಿ ಮೊದಲ ಹಾಲನ್ನು, ಅಂದರೆ ಗಟ್ಟಿ ಹಾಲನ್ನು, ಬೇರೆ ಇಡಿ. ಅದೇ ಚರಟವನ್ನು ಮತ್ತೆ ರುಬ್ಬಿ ಎರಡನೆಯ ಹಾಲು ತೆಗೆಯಿರಿ. ಪ್ಯಾಕೆಟ್ಟಿನದಾದರೆ ಕೊಬ್ಬು ಶೇ 17ಕ್ಕಿಂತ ಹೆಚ್ಚಿರುವುದನ್ನು ಆರಿಸಿ, ಎರಡನೆಯ ಹಾಲಿನ ಬದಲಿಗೆ ನೀರು ಬಳಸಬಹುದು.

ಪ್ರೋಟೀನಿನ ಕೊರತೆಯನ್ನು ಒಂದಷ್ಟು ತುಂಬುವುದು ಗೋಡಂಬಿ. ಅದರಲ್ಲಿ ಪ್ರೋಟೀನಿನ ಜೊತೆಗೆ ಪಿಷ್ಟವೂ ಇರುವುದರಿಂದ ನೀರನ್ನು ಹೀರಿ ದಪ್ಪಗಾಗುತ್ತದೆ. ಬಾಳೆಹಣ್ಣು ಹಾಕಿದರೂ ಮೃದುವಾಗುತ್ತದೆ ಎನ್ನುವವರಿದ್ದಾರೆ. ಆಗುತ್ತದೆ, ಆದರೆ ಕೊನೆಗೆ ಬಾಳೆಹಣ್ಣಿನ ರುಚಿಯೇ ಮೇಲಾಗಿ ಚಾಕೊಲೇಟು ಹಿಂದೆ ಸರಿಯುತ್ತದೆ. ನನಗೆ ಗೋಡಂಬಿಯೇ ಸರಿ. ಬಿಸಿನೀರಿನಲ್ಲಿ ಒಂದು ಗಂಟೆ ನೆನೆಸಿ, ನೀರು ಬಸಿದು, ಸ್ವಲ್ಪ ಗಟ್ಟಿ ಕಾಯಿಹಾಲಿನೊಂದಿಗೆ ರುಬ್ಬಿ. ಎರಡು ಬೆರಳುಗಳ ನಡುವೆ ಉಜ್ಜಿದಾಗ ತರಿ ಸಿಗಬಾರದು; ಸಿಕ್ಕರೆ ಇನ್ನೂ ರುಬ್ಬಬೇಕು.

ಸಿಹಿಯ ವಿಷಯಕ್ಕೆ ಸ್ವಲ್ಪ ರಸಾಯನಶಾಸ್ತ್ರ ಬೇಕು. ನೀರಿನಲ್ಲಿ ಕರಗಿದ ಕಣಗಳು ಹೆಚ್ಚಾದಷ್ಟೂ ಅದು ಹೆಪ್ಪುಗಟ್ಟುವ ಉಷ್ಣತೆ ಕೆಳಗಿಳಿಯುತ್ತದೆ. ಸಕ್ಕರೆಯ ಅಣುತೂಕ 342, ಗ್ಲೂಕೋಸ್ ಮತ್ತು ಫ್ರಕ್ಟೋಸ್‌ಗಳದು 180. ಅಂದರೆ ಅಷ್ಟೇ ತೂಕದ ಗ್ಲೂಕೋಸಿನಲ್ಲಿ ಸುಮಾರು ಎರಡರಷ್ಟು ಅಣುಗಳಿರುತ್ತವೆ, ಮೃದುತ್ವವೂ ಅದೇ ಪ್ರಮಾಣದಲ್ಲಿ ಹೆಚ್ಚುತ್ತದೆ. ಶಿರಸಿ, ಸಾಗರದ ಕಡೆಯ ಜೋನಿ ಬೆಲ್ಲದಲ್ಲಿ ಈ ಸರಳ ಸಕ್ಕರೆಗಳು ಇರುವುದರಿಂದಲೇ ಅದನ್ನು ಸೇರಿಸಿದ್ದು. ಜೊತೆಗೆ ಅದರ ಘಮ ಕೋಕೊಗೆ ಬಹಳ ಒಪ್ಪುತ್ತದೆ. ಸಿಗದಿದ್ದರೆ ಲಿಕ್ವಿಡ್ ಗ್ಲೂಕೋಸ್ ಆದೀತು. ಸಿಹಿ ಕಡಿಮೆಯಿರಲಿ ಎಂದು ಸಕ್ಕರೆಯನ್ನು ಅರ್ಧಕ್ಕಿಳಿಸಿದರೆ ಗಟ್ಟಿ ಕಲ್ಲಾಗುತ್ತದೆ. ತಣ್ಣಗಿರುವಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುವುದರಿಂದ, ಬೆಚ್ಚಗಿನ ಮಿಶ್ರಣ ತುಸು ಹೆಚ್ಚೇ ಸಿಹಿ ಎನಿಸಬೇಕು.

ಚಾಕೊಲೇಟ್ ಕೊಳ್ಳುವಾಗ ಹಸಿರು ಚುಕ್ಕೆಯನ್ನು ನಂಬಿ ಕೂರಬೇಡಿ. ಅದು ಸಸ್ಯಾಹಾರದ ಗುರುತು, ಹಾಲು ಅದರೊಳಗೇ ಬರುತ್ತದೆ. ಹಿಂಬದಿಯ ಪಟ್ಟಿಯಲ್ಲಿ ಹಾಲಿನ ಘನಾಂಶ, ಬೆಣ್ಣೆಯ ಕೊಬ್ಬು ಇವೆಯೇ ಎಂದು ಓದಿ. ಡಾರ್ಕ್ ಎಂದು ಬರೆದವುಗಳಲ್ಲಿಯೂ ಇರುತ್ತವೆ. ಹಾಲಿನ ಅಲರ್ಜಿ ಇರುವವರಿಗಾಗಿ ಮಾಡುತ್ತಿದ್ದರೆ ‘ಹಾಲಿನ ಅಂಶ ಇರಬಹುದು’ ಎಂಬ ಸಾಲನ್ನೂ ಬಿಡಬಾರದು. ಗೋಡಂಬಿಯೂ ಕೆಲವರಿಗೆ ಆಗುವುದಿಲ್ಲ, ಬಡಿಸುವ ಮುಂಚೆ ಕೇಳಿ. ಅಂದಹಾಗೆ, ದಕ್ಷಿಣ ಕನ್ನಡದ ಅಡಿಕೆ, ತೆಂಗಿನ ತೋಟಗಳ ನೆರಳಿನಲ್ಲೇ ಕೋಕೊ ಬೆಳೆಯುತ್ತದೆ. ಅಡಿಕೆ, ಕೋಕೊ ಬೆಳೆಗಾರರ ಸಹಕಾರ ಸಂಸ್ಥೆ ಕ್ಯಾಂಪ್ಕೊದ ಚಾಕೊಲೇಟ್ ಕಾರ್ಖಾನೆ ಪುತ್ತೂರಿನಲ್ಲಿ ಶುರುವಾದದ್ದು 1986ರಲ್ಲಿ. ನಮ್ಮ ಪಾತ್ರೆಗೆ ಬೀಳುವ ಎರಡು ಮುಖ್ಯ ಸಾಮಗ್ರಿಗಳೂ ಒಂದೇ ತೋಟದವು ಎಂಬುದು ನನಗೆ ಖುಷಿಯ ಸಂಗತಿ.

ಈಗ ಒಲೆಯ ಕೆಲಸ. ಕೋಕೊ ಪುಡಿ ಮತ್ತು ಸಕ್ಕರೆಯನ್ನು ಒಣದಾಗಿಯೇ ಬೆರೆಸಿಕೊಂಡರೆ ಗಂಟಾಗುವುದಿಲ್ಲ. ಎರಡನೆಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಸುರಿಯುತ್ತಾ ಕಲಸಿ, ಸಣ್ಣ ಉರಿಯಲ್ಲಿ ಕೈಬಿಡದೆ ತಿರುವುತ್ತಾ ಕುದಿ ಬರಿಸಿ. ಮೊದಲು ಮಂಕಾಗಿದ್ದ ಕಂದು ಬಣ್ಣ ಎರಡು ಮೂರು ನಿಮಿಷದಲ್ಲಿ ಕಪ್ಪಿಗೆ ತಿರುಗಿ ಹೊಳಪು ಬರುತ್ತದೆ, ಹಸಿ ವಾಸನೆ ಹೋಗುತ್ತದೆ, ಸೌಟಿನ ಬೆನ್ನಿಗೆ ಅಂಟಿ ನಿಲ್ಲುತ್ತದೆ. ಕೋಕೊದ ಪಿಷ್ಟ ನೀರು ಕುಡಿದು ಉಬ್ಬಿದ್ದರ ಗುರುತು ಅದು. ಉರಿ ಆರಿಸಿ ಚಾಕೊಲೇಟ್ ಚೂರುಗಳನ್ನು ಹಾಕಿ ಒಂದು ನಿಮಿಷ ಬಿಟ್ಟು ತಿರುವಿ. ಆಮೇಲೆ ಜೋನಿ ಬೆಲ್ಲ, ಉಪ್ಪು, ಗೋಡಂಬಿ. ಗಟ್ಟಿ ಹಾಲು ಎಲ್ಲಕ್ಕಿಂತ ಕೊನೆಗೆ, ಪಾಯಸಕ್ಕೆ ಹಾಕುವ ಕ್ರಮದಲ್ಲಿಯೇ. ಹಸುವಿನ ಹಾಲು ಬೆಲ್ಲಕ್ಕೆ ಒಡೆದರೆ ಕಾಯಿಹಾಲು ಜೋರು ಕುದಿಗೆ ಒಡೆಯುತ್ತದೆ. ಅದು ಫ್ರಿಜ್ಜಿನಿಂದ ತೆಗೆದ ತಣ್ಣಗಿನ ಹಾಲೂ ಆಗಿರಬಾರದು. ಚಾಕೊಲೇಟಿನ ಕೊಬ್ಬು ಅಲ್ಲಲ್ಲೇ ಹೆಪ್ಪುಗಟ್ಟಿ ಚುಕ್ಕೆ ಚುಕ್ಕೆಯಾಗುತ್ತದೆ. ಬಿಸಿ ಇಳಿದ ಮೇಲೆ ಎಲ್ಲವನ್ನೂ ಮಿಕ್ಸಿಯಲ್ಲಿ ಒಂದು ನಿಮಿಷ ತಿರುಗಿಸಿ, ಸೋಸಿ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು ಆರಿಸಿ. ಕಾಯಿಹಾಲು ಬೇಗ ಹಳಸುತ್ತದೆ, ಹೊರಗೆ ಬಿಟ್ಟು ಮರೆಯಬೇಡಿ. ರಾತ್ರಿಯಿಡೀ ಫ್ರಿಜ್ಜಿನಲ್ಲಿರಲಿ. ತಣ್ಣಗಾದ ಮಿಶ್ರಣ ಬೇಗ ಹೆಪ್ಪುಗಟ್ಟುತ್ತದೆ, ಬೇಗ ಹೆಪ್ಪುಗಟ್ಟಿದಷ್ಟೂ ಹರಳು ಸಣ್ಣದು.

ಯಂತ್ರವಿಲ್ಲದವರು ಮಿಶ್ರಣವನ್ನು ಐಸ್ ಟ್ರೇಗಳಲ್ಲಿ ಹೊಯ್ದು ಆರೇಳು ಗಂಟೆ ಫ್ರೀಜರಿನಲ್ಲಿಡಿ. ತಣ್ಣಗೆ ಮಾಡಿಟ್ಟ ಮಿಕ್ಸಿ ಜಾರಿಗೆ ತುಂಡುಗಳನ್ನು ಹಾಕಿ, ಬಿಟ್ಟು ಬಿಟ್ಟು ತಿರುಗಿಸಿ. ಪುಡಿ ಪುಡಿಯಾದದ್ದು ಒಮ್ಮೆಲೇ ಒಂದಾಗಿ ಮುದ್ದೆಗಟ್ಟುತ್ತದೆ, ಅಲ್ಲಿಗೇ ನಿಲ್ಲಿಸಬೇಕು. ಇನ್ನೂ ತಿರುಗಿಸಿದರೆ ಕರಗಿ ನೀರಾಗುತ್ತದೆ, ಆ ನೀರು ಮತ್ತೆ ದೊಡ್ಡ ಹರಳಾಗುತ್ತದೆ. ತಣ್ಣಗಿನ ಡಬ್ಬಿಗೆ ತುಂಬಿ, ಮೇಲ್ಮೈಗೆ ತಾಗುವಂತೆ ಬಟರ್ ಪೇಪರ್ ಒತ್ತಿ, ಇನ್ನು ಮೂರು ಗಂಟೆ ಇಡಿ. ಬಡಿಸುವ ಹತ್ತು ನಿಮಿಷ ಮೊದಲು ಹೊರಗಿಟ್ಟರೆ ಚಮಚ ಸಲೀಸಾಗಿ ಇಳಿಯುತ್ತದೆ.

ಸರಿಬಾರದಿದ್ದರೂ ಎಸೆಯಬೇಕಾಗಿಲ್ಲ. ಫ್ರಿಜ್ಜಿನೊಳಗೇ ಕರಗಿಸಿ: ಮರಳು ಮರಳಾಗಿದ್ದರೆ ಇನ್ನೊಂದು ಹಿಡಿ ಗೋಡಂಬಿ ರುಬ್ಬಿ ಸೇರಿಸಿ, ಕಲ್ಲಿನಷ್ಟು ಗಟ್ಟಿಯಾಗಿದ್ದರೆ ಒಂದೆರಡು ಚಮಚ ಜೋನಿ ಬೆಲ್ಲ, ಬಾಯಿಗೆ ಮೇಣದಂತೆ ಅಂಟಿದರೆ ಸ್ವಲ್ಪ ಎರಡನೆಯ ಹಾಲು. ನಂತರ ಟ್ರೇಗೆ ಹೊಯ್ದು ಮತ್ತೆ ಮೊದಲಿನಂತೆಯೇ ಮಾಡಿ.