ಹ್ಯಾನಿಬಲ್ ಊರಿನ ಹುಡುಗರಿಗೆ ಸ್ಟೀಮ್‌ಬೋಟ್ ಹುಚ್ಚು ಯಾಕೆ? – ಅಧ್ಯಯನ ಟಿಪ್ಪಣಿ

ಮಾರ್ಕ್ ಟ್ವೇನ್ ಬರೆದ 'ಲೈಫ್ ಆನ್ ದಿ ಮಿಸಿಸಿಪ್ಪಿ' (1883) ಪುಸ್ತಕದ 4ನೇ ಅಧ್ಯಾಯಕ್ಕೆ ಈ ಟಿಪ್ಪಣಿ. ತಾವು ಬೆಳೆದ ಹ್ಯಾನಿಬಲ್ ಊರನ್ನೂ ಅಲ್ಲಿನ ಹುಡುಗರ ಕನಸನ್ನೂ ಟ್ವೇನ್ ಇಲ್ಲಿ ನೆನೆಯುತ್ತಾರೆ. ಈ ಭಾಗ ಮೊದಲು ಬಂದದ್ದು 1875ರಲ್ಲಿ, ಅಟ್ಲಾಂಟಿಕ್ ಮಂತ್ಲಿ ಪತ್ರಿಕೆಯಲ್ಲಿ. ಹುಡುಗರಿಗೆ ಸಾಹಸ ಇಷ್ಟ, ಅದಕ್ಕೇ ಬೋಟಿನ ಹುಚ್ಚು ಎಂದು ಬರೆದು ಮುಗಿಸುವವರೇ ಜಾಸ್ತಿ. ಆದರೆ ನಿಧಾನವಾಗಿ ಓದಿದರೆ ಬೇರೆಯೇ ಒಂದು ಎಳೆ ಕಾಣುತ್ತದೆ. ನಾಲ್ಕು ಜನರ ಕಣ್ಣಿಗೆ ಬೀಳಬೇಕು ಅನ್ನುವ ಆಸೆ, ಹಾಗೆ ಬಿದ್ದವನನ್ನು ಕಂಡರೆ ಹೊಟ್ಟೆಕಿಚ್ಚು. ಅಧ್ಯಾಯ ನಿಂತಿರುವುದೇ ಇದರ ಮೇಲೆ.

ಮೊದಲು ಊರು. ಅಮೆರಿಕದ ಮಿಸೌರಿ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ಪಶ್ಚಿಮ ದಡದಲ್ಲಿದೆ ಹ್ಯಾನಿಬಲ್. ಟ್ವೇನ್ ಅವರ ನಿಜವಾದ ಹೆಸರು ಸ್ಯಾಮ್ಯುಯೆಲ್ ಕ್ಲೆಮೆನ್ಸ್. ಹುಟ್ಟಿದ್ದು 1835ರಲ್ಲಿ, ಮನೆಯವರು ಹ್ಯಾನಿಬಲ್‌ಗೆ ಬಂದದ್ದು 1839ರಲ್ಲಿ. ಮಿಸಿಸಿಪ್ಪಿಯಲ್ಲಿ ಮೊದಲ ಸ್ಟೀಮ್‌ಬೋಟ್, ಅಂದರೆ ಹಬೆಯ ಬಲದಿಂದ ಓಡುವ ಬೋಟು, ಇಳಿದದ್ದು 1811ರಲ್ಲಿ. ಸ್ಯಾಮ್ ಬೆಳೆಯುವ ಹೊತ್ತಿಗೆ ನದಿಯೇ ಆ ಸೀಮೆಯ ಹೆದ್ದಾರಿ. ಊರಿಗೆ ರೈಲು ಇನ್ನೂ ಬಂದಿರಲಿಲ್ಲ. ನಮ್ಮ ಕೃಷ್ಣೆ, ತುಂಗಭದ್ರೆಯಲ್ಲಿ ಹರಿಗೋಲು ಮಾತ್ರ ನೋಡಿದವರು ಇಲ್ಲಿ ಒಂದು ಕ್ಷಣ ನಿಲ್ಲಬೇಕು. ಇದು ಹೆಚ್ಚುಕಮ್ಮಿ ಒಂದೂವರೆ ಕಿಲೋಮೀಟರ್ ಅಗಲದ ನದಿ. ಅದರ ಮೇಲೆ ಮಹಡಿ ಮಹಡಿಯಾಗಿ ಕಟ್ಟಿದ ಬಿಳಿ ಬೋಟು, ಎರಡು ಎತ್ತರದ ಚಿಮಣಿ, ನೀರನ್ನು ಬಡಿಯುವ ದೊಡ್ಡ ಚಕ್ರ.

ಬೋಟು ಬರುವ ದೃಶ್ಯವನ್ನು ಎರಡು ಸಲ ಓದಿ. ಅಂಗಡಿ ಗುಮಾಸ್ತರು ಕುರ್ಚಿಯನ್ನು ಗೋಡೆಗೆ ಒರಗಿಸಿ, ಟೋಪಿ ಮುಖದ ಮೇಲೆಳೆದುಕೊಂಡು ನಿದ್ದೆ ಹೊಡೆಯುತ್ತಿರುತ್ತಾರೆ. ಹಂದಿಯೊಂದು ಮರಿಗಳ ಜೊತೆ ಬೀದಿಯಲ್ಲಿ ಮೇಯುತ್ತಿರುತ್ತದೆ. ಅಷ್ಟರಲ್ಲಿ ದೂರದಲ್ಲಿ ಹೊಗೆ. ಗಾಡಿ ಹೊಡೆಯುವ ಕಪ್ಪು ಮನುಷ್ಯನೊಬ್ಬ ಬೋಟು ಬಂತು ಎಂದು ಕೂಗುತ್ತಾನೆ. ಇಡೀ ಊರು ದಕ್ಕೆಗೆ ಓಡುತ್ತದೆ. ಬೋಟು ಹೊರಟು ಹತ್ತು ನಿಮಿಷಕ್ಕೆ ಊರು ಮತ್ತೆ ಮಲಗುತ್ತದೆ.

ಆ ಹೊಗೆಯ ಬಗ್ಗೆ ಒಂದು ಮಾತು. ಊರು ಹತ್ತಿರ ಬಂದಾಗ ಬೋಟಿನವರು ರಾಳ ತುಂಬಿದ ಪೈನ್ ಸೌದೆಯನ್ನು ಬೇಕೆಂತಲೇ ಒಲೆಗೆ ಹಾಕುತ್ತಿದ್ದರು. ರಾಳ ಉರಿದರೆ ಹೊಗೆ ದಟ್ಟವಾಗಿ, ಕಪ್ಪಗೆ ಏಳುತ್ತದೆ. ಬೋಟು ಓಡೋದಕ್ಕೆ ಅದೇನೂ ಬೇಕಿರಲಿಲ್ಲ, ದಡದಲ್ಲಿದ್ದವರು ನೋಡಲಿ ಅಂತ ಅಷ್ಟೇ. ಅಂದರೆ ಬೋಟಿನವರಿಗೂ ಅದೇ ಆಸೆ, ಅಲ್ವಾ? ಇದು ಪರೀಕ್ಷೆಯಲ್ಲಿ ಬರೆಯಲೇಬೇಕಾದ ವಿವರ.

ಈಗ ಹುಡುಗ ಸ್ಯಾಮ್‌ನ ಕನಸುಗಳಿಗೆ ಬನ್ನಿ. ಮೊದಲು ಅವನಿಗೆ ಕ್ಯಾಬಿನ್ ಹುಡುಗನಾಗುವ ಆಸೆ. ಬಿಳಿ ಏಪ್ರನ್ ಕಟ್ಟಿಕೊಂಡು ಬೋಟಿನ ಅಂಚಿಗೆ ಬಂದು ಮೇಜುಬಟ್ಟೆ ಕೊಡವಬಹುದು, ಆಗ ಗೆಳೆಯರೆಲ್ಲ ನೋಡುತ್ತಾರೆ! ಆಮೇಲೆ ಬೋಟಿನಿಂದ ದಡಕ್ಕೆ ಇಳಿಯುವ ಹಲಗೆಯ ತುದಿಯಲ್ಲಿ ಹಗ್ಗದ ಸುರುಳಿ ಹಿಡಿದು ನಿಲ್ಲುವ ಆಳಾಗುವ ಆಸೆ, ಯಾಕೆಂದರೆ ಅವನು ಎಲ್ಲರ ಕಣ್ಣಿಗೆ ಇನ್ನೂ ಎದ್ದು ಕಾಣುತ್ತಾನೆ. ಕೆಲಸ ಯಾವುದಾದರೂ ಸರಿ, ಜನರ ಕಣ್ಣಿಗೆ ಬಿದ್ದರೆ ಸಾಕು. ಅವನಪ್ಪ ಊರಿನ ನ್ಯಾಯಾಧಿಕಾರಿ. ಬೇಡವಾದವರನ್ನು ಅಪ್ಪ ಗಲ್ಲಿಗೇರಿಸಬಲ್ಲ ಎಂದೇ ಮಗ ನಂಬಿದ್ದ. ಆ ಹೆಮ್ಮೆಯೂ ಬೋಟಿನ ಮುಂದೆ ಸಪ್ಪೆ.

ನನ್ನ ಪ್ರಕಾರ ಅಧ್ಯಾಯದ ಜೀವ ಇರುವುದು ಮುಂದಿನ ಪ್ರಸಂಗದಲ್ಲಿ. ಊರಿನ ಒಬ್ಬ ಹುಡುಗ ಬೋಟಿನಲ್ಲಿ ಎಂಜಿನಿಯರ್ ಕೈಕೆಳಗೆ ಕೆಲಸಕ್ಕೆ ಸೇರುತ್ತಾನೆ. ಬೋಟು ಊರಲ್ಲಿ ನಿಂತಾಗಲೆಲ್ಲ ಎಲ್ಲರಿಗೂ ಕಾಣುವ ಹಾಗೆ ಕೂತು, ತುಕ್ಕು ಹಿಡಿದ ಬೋಲ್ಟು ಉಜ್ಜುತ್ತಾನೆ. ರಜೆಯಲ್ಲಿ ಬಂದರೆ ಇರೋದರಲ್ಲೇ ಜಿಡ್ಡುಜಿಡ್ಡಾದ ಬಟ್ಟೆ ಹಾಕಿಕೊಂಡು ಬೀದಿ ಸುತ್ತುತ್ತಾನೆ. ಬೋಟಿನ ಭಾಷೆಯಲ್ಲೇ ಮಾತಾಡುತ್ತಾನೆ. ಒಂದು ದಿನ ಅವನ ಬೋಟಿನ ಬಾಯ್ಲರ್ (ನೀರು ಕಾಯಿಸಿ ಹಬೆ ಮಾಡುವ ಕೊಪ್ಪರಿಗೆ) ಸಿಡಿಯಿತು ಎಂಬ ಸುದ್ದಿ ಬರುತ್ತದೆ. ಉಳಿದ ಹುಡುಗರಿಗೆ ಎಷ್ಟೋ ದಿನದ ಮೇಲೆ ನೆಮ್ಮದಿ! ಮುಂದಿನ ವಾರ ಅವನು ಮೈತುಂಬ ಬ್ಯಾಂಡೇಜ್ ಸುತ್ತಿಕೊಂಡು ಚರ್ಚಿಗೆ ಬರುತ್ತಾನೆ, ಇನ್ನೂ ದೊಡ್ಡ ಹೀರೊ ಆಗಿ. ಮಕ್ಕಳ ಮನಸ್ಸನ್ನು ಇಷ್ಟು ಪ್ರಾಮಾಣಿಕವಾಗಿ ತೆರೆದಿಟ್ಟ ಪುಟಗಳು ಅಪರೂಪ.

ಆಸೆಗೆ ದುಡ್ಡಿನ ಬಲವೂ ಇತ್ತು. ಪೈಲಟ್ ಅಂದರೆ ನದಿಯ ದಾರಿ ತಿಳಿದು ಬೋಟು ನಡೆಸುವವನು. ಅವನಿಗೆ ತಿಂಗಳಿಗೆ 150ರಿಂದ 250 ಡಾಲರ್, ಊಟ ವಸತಿ ಪುಕ್ಕಟೆ. ಅವನ ಎರಡು ತಿಂಗಳ ಸಂಬಳ ಪಾದ್ರಿಯ ಒಂದು ವರ್ಷದ ಸಂಬಳಕ್ಕೆ ಸಮ ಎನ್ನುತ್ತಾರೆ ಟ್ವೇನ್. ಅದಕ್ಕೇ ನ್ಯಾಯಾಧೀಶರ ಮಕ್ಕಳು, ದೊಡ್ಡ ವ್ಯಾಪಾರಿಯ ಮಕ್ಕಳು ಪೈಲಟ್ ಆದರು. ಆದರೆ ಬೋಟು ಬಂತೆಂದು ಕೂಗಿದ ಆ ಕಪ್ಪು ಮನುಷ್ಯನ ಮನೆಯ ಮಕ್ಕಳು ಈ ಪಟ್ಟಿಯಲ್ಲಿಲ್ಲ. ಮಿಸೌರಿಯಲ್ಲಿ ಆಗ ಗುಲಾಮಗಿರಿ ಕಾನೂನುಬದ್ಧವಾಗಿತ್ತು. ಗುಲಾಮರನ್ನು ಮಾರಾಟಕ್ಕೆಂದು ದಕ್ಷಿಣಕ್ಕೆ ಸಾಗಿಸುತ್ತಿದ್ದದ್ದೂ ಇಂಥ ಬೋಟುಗಳಲ್ಲೇ. ಬಿಳಿಯ ಹುಡುಗರಿಗೆ ಹಬ್ಬ ಅನಿಸಿದ ಹೊಗೆ ಬೇರೆಯವರಿಗೆ ಹೇಗೆ ಕಂಡಿರಬಹುದು ಎಂದು ನಾವೇ ಕೇಳಿಕೊಳ್ಳಬೇಕು. ಅಧ್ಯಾಯ ಅದನ್ನು ಕೇಳುವುದಿಲ್ಲ.

ಬ್ಯಾಂಡೇಜಿನ ನಗೆಯನ್ನು ಟ್ವೇನ್ ಅವರ ಬದುಕಿನ ಜೊತೆ ಇಟ್ಟು ಓದಿದರೆ ಎದೆ ಭಾರವಾಗುತ್ತದೆ. ಅವರ ತಮ್ಮ ಹೆನ್ರಿಗೆ ಬೋಟಿನಲ್ಲಿ ಸಣ್ಣ ಗುಮಾಸ್ತನ ಕೆಲಸ ಕೊಡಿಸಿದವರು ಅವರೇ. 1858ರ ಜೂನ್‌ನಲ್ಲಿ, ಅದೇ ನದಿಯ ದಡದ ಮೆಂಫಿಸ್ ಪಟ್ಟಣದ ಹತ್ತಿರ, 'ಪೆನ್ಸಿಲ್ವೇನಿಯಾ' ಬೋಟಿನ ಬಾಯ್ಲರ್‌ಗಳು ಸಿಡಿದವು. ಕೆಲವು ದಿನಗಳ ಮೇಲೆ ಹೆನ್ರಿ ತೀರಿಕೊಂಡ. ವಯಸ್ಸು 19. ಪೈಲಟ್ ಕೆಲಸ ಕಲಿಯುತ್ತಾ ಅದೇ ಬೋಟಿನಲ್ಲಿದ್ದ ಅಣ್ಣ, ಜಗಳವಾಗಿ ಮೊದಲೇ ಇಳಿದಿದ್ದರಿಂದ ಉಳಿದರು. ಹುಡುಗ ಬ್ಯಾಂಡೇಜಿನಲ್ಲಿ ಹೀರೊ ಆಗಿ ಬಂದ ಪ್ರಸಂಗವನ್ನು ಅವರು ಬರೆದದ್ದು ಇದೆಲ್ಲ ಆದ ಎಷ್ಟೋ ವರ್ಷದ ಮೇಲೆ. ಹೆನ್ರಿಯ ಸಾವು ಇದೇ ಪುಸ್ತಕದ 20ನೇ ಅಧ್ಯಾಯದಲ್ಲಿದೆ. ಎರಡನ್ನೂ ಜೊತೆಗಿಟ್ಟು ಓದಿ.

ಮುಂದಿನ ಅಧ್ಯಾಯಗಳಿಗೆ ಬೇಕಾಗುವ ಇಸವಿಗಳು: ಟ್ವೇನ್ ಅವರು ಹೊರೇಸ್ ಬಿಕ್ಸ್‌ಬಿ ಎಂಬ ಪೈಲಟ್ ಹತ್ತಿರ 500 ಡಾಲರ್‌ಗೆ ಒಪ್ಪಂದ ಮಾಡಿಕೊಂಡು ಕಲಿಯಲು ಸೇರಿದ್ದು 1857ರಲ್ಲಿ, ಲೈಸೆನ್ಸ್ ಸಿಕ್ಕಿದ್ದು 1859ರಲ್ಲಿ. ಅದೇ 1859ರಲ್ಲಿ ಹ್ಯಾನಿಬಲ್‌ನಿಂದ ಮಿಸೌರಿಯ ಇನ್ನೊಂದು ಪಟ್ಟಣ ಸೇಂಟ್ ಜೋಸೆಫ್‌ಗೆ ರೈಲು ಮಾರ್ಗವೂ ಪೂರ್ಣವಾಯಿತು. 1861ರಲ್ಲಿ ಅಂತರ್ಯುದ್ಧ ಶುರುವಾಗಿ ನದಿಯ ವ್ಯಾಪಾರ ನಿಂತಿತು, ಅವರ ಪೈಲಟ್ ಕೆಲಸವೂ ಅಲ್ಲಿಗೇ ಮುಗಿಯಿತು.